ಕಿವಿ ಮೇಸ್ತ್ರಿ ಎಣಿಸಿದ ಹಲ್ಲು

ಕಿವಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಅವನ ಕಿವಿ ದೊಡ್ಡದಿದೆ ಅಂತಲ್ಲ. ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ರೋಗ ಏನೆಂದು ಹೇಳಿಬಿಡುತ್ತಿದ್ದ, ಅದಕ್ಕೆ. ಮೂವತ್ತೊಂದು ವರ್ಷ ಒಂದೇ ತಗಡಿನ ಸೂರಿನ ಕೆಳಗೆ ಗೇರ್‌ಬಾಕ್ಸು, ಕ್ಲಚ್ಚು ಬಿಚ್ಚಿ ಕೂಡಿಸಿದ ಮನುಷ್ಯ. ಬೇರೆ ಕೆಲಸ ಮುಟ್ಟುವುದಿಲ್ಲ. ಕಾರಿಗೆ ಬಣ್ಣ ಹೊಡೆಯುವವರನ್ನು ಕಂಡರೆ ಮೂಗು ಮುರಿಯುತ್ತಾನೆ, ಟೈರಿನವರನ್ನು ಮೆಕ್ಯಾನಿಕ್ಕುಗಳ ಲೆಕ್ಕಕ್ಕೇ ಸೇರಿಸುವುದಿಲ್ಲ.

ಒಳ್ಳೆಯವನೇ, ಸುಳ್ಳು ಯಾಕೆ ಹೇಳಬೇಕು. ಆದರೆ ಹೊಟ್ಟೆಕಿಚ್ಚಿನ ವಿಷಯದಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಪಕ್ಕದ ಬಡಗಿ ಹೊಸ ಸ್ಟೂಲು ಮಾಡಿಕೊಂಡರೆ ಇವನಿಗೆ ಎರಡು ದಿನ ತಾನು ಕೂತ ಸ್ಟೂಲು ಚುಚ್ಚುತ್ತಿತ್ತು. ಇವೆಲ್ಲ ಸಣ್ಣ ಪುಟ್ಟ ಉರಿ, ಬಂದು ಹೋಗುವಂಥವು. ಬಂದು ಹೋಗದೆ ಮನೆ ಮಾಡಿಕೊಂಡು ಕೂತ ಉರಿ ಒಂದಿತ್ತು. ಅದು ಅವನ ತಮ್ಮನ ಮೇಲಿನದು.

ತಮ್ಮ ಎಂಟು ವರ್ಷದ ಹಿಂದೆ ಬೇರೆ ಹೋಗಿ ಎರಡು ಬೀದಿ ಆಚೆ ಗ್ಯಾರೇಜು ಹಾಕಿದ್ದ. ಮುಂದಕ್ಕೆಲ್ಲ ಗಾಜು, ನೆಲಕ್ಕೆ ಬೂದು ಬಣ್ಣ, ಗಿರಾಕಿಗಳು ಕೂರಲು ಮೆತ್ತನೆಯ ಕುರ್ಚಿ, ಅದರ ಪಕ್ಕ ಗಾಜಿನ ತೊಟ್ಟಿಯಲ್ಲಿ ಮೀನು. "ಕಾರು ರಿಪೇರಿ ಮಾಡ್ಸೋರಿಗೆ ಮೀನು ಯಾಕಂತೆ?" ಎಂದು ಮೇಸ್ತ್ರಿ ಹತ್ತು ಜನರಲ್ಲಿ ಕೇಳಿದ್ದ. ಚಹಾದ ಅಂಗಡಿ ಅವನ ಶೆಡ್ಡಿನ ಎದುರಿಗೇ ಇತ್ತು. ಆದರೂ ದಿನಾ ಎರಡು ಬೀದಿ ಸುತ್ತಿ, ಗಾಜಿನ ಮುಂದೆ ಹಾದು, ಒಳಗೆ ಎಷ್ಟು ಕಾರು ನಿಂತಿವೆ ಎಂದು ನೋಡಿಕೊಂಡೇ ಬರುತ್ತಿದ್ದ. ಮೂರಕ್ಕಿಂತ ಹೆಚ್ಚಿದ್ದರೆ ಆ ದಿನದ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಎರಡು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಆ ಗಾಜಿನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದಳು. ಕಾರಿನ ಕೆಲಸವನ್ನು ಓದಿ ಕಲಿತವಳು, ಮೊದಲು ಅಪ್ಪನ ಶೆಡ್ಡಿಗೇ ಬಂದಿದ್ದಳು. ಅಪ್ಪ ಅವಳಿಗೆ ಕೊಟ್ಟದ್ದು ಮೂಲೆಯ ತೊಟ್ಟಿ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುವುದು, ಫೋನು ಬಂದರೆ ಎತ್ತುವುದು, ಅಷ್ಟೇ. ಗೇರ್‌ಬಾಕ್ಸಿನ ಹತ್ತಿರ ಬಂದರೆ, "ಕೈ ಇನ್ನೂ ಪಳಗ್ಬೇಕು, ನಾಳೆ ನೋಡೋಣ" ಎನ್ನುತ್ತಿದ್ದ. ಹೆಣ್ಣುಮಗಳು ಅಂತಲ್ಲ, ಗಂಡುಮಗ ಇದ್ದಿದ್ದರೂ ಕೊಡುತ್ತಿರಲಿಲ್ಲ. ಆ ಕೆಲಸ ತನ್ನದು, ತನ್ನೊಬ್ಬನದು, ಬೇರೆ ಕೈ ಅದರ ಮೇಲೆ ಬಿದ್ದರೆ ಅವನಿಗೆ ಮೈಯೆಲ್ಲ ಮುಳ್ಳೇಳುತ್ತಿತ್ತು. ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ಬೆಳಗ್ಗೆ ಮಗಳು ಕೈ ತೊಳೆದುಕೊಂಡು, "ಅಪ್ಪ, ನಿನ್ನ ನಾಳೆ ಬರೋ ಹೊತ್ತಿಗೆ ನಂಗೆ ಕೂದಲು ನೆರೆತಿರತ್ತೆ" ಎಂದು ಹೇಳಿ ಹೋದಳು. ಮುಂದಿನ ವಾರ ಮನೆಯ ಹಗ್ಗದ ಮೇಲೆ ಅಪ್ಪನ ಮಸಿ ಅಂಗಿಯ ಪಕ್ಕ ತಮ್ಮನ ಗ್ಯಾರೇಜಿನ ಬೂದು ಅಂಗಿ ಒಣಗುತ್ತಿತ್ತು.

ಇರುವುದು ಒಂದೇ ಮನೆ, ಉಣ್ಣುವುದು ಒಂದೇ ಮೇಜಿನಲ್ಲಿ. ಮೊದಲ ವಾರ ನಡೆದ ಕೂಗಾಟ ಕೇಳಿ ಹೆಂಡತಿ ಒಂದು ಕಟ್ಟಪ್ಪಣೆ ಮಾಡಿದಳು: ಹೊಸಿಲಿನ ಒಳಗೆ ಗ್ಯಾರೇಜಿನ ಮಾತು ಆಡಕೂಡದು. ಅಪ್ಪ ಮಗಳು ಅದನ್ನು ಪಾಲಿಸಿದರು. ಎಷ್ಟರ ಮಟ್ಟಿಗೆ ಎಂದರೆ, ಅವಳು ಅಲ್ಲಿ ಏನು ಕೆಲಸ ಮಾಡುತ್ತಾಳೆ ಎಂಬುದೂ ಮೇಸ್ತ್ರಿಗೆ ಗೊತ್ತಿರಲಿಲ್ಲ. ಕೇಳಲು ಬಾಯಿ ತುರಿಸುತ್ತಿತ್ತು, ಕೇಳುತ್ತಿರಲಿಲ್ಲ. ಒಂದಲ್ಲ ಒಂದು ದಿನ ಅಲ್ಲಿ ಎಡವುತ್ತಾಳೆ, ಆಗ ತಿರುಗಿ ಬರುತ್ತಾಳೆ ಎಂದು ಕಾಯುತ್ತಿದ್ದ.

ಇಂಥ ಹೊತ್ತಿನಲ್ಲಿ ಒಂದು ಸೋಮವಾರ ಹಲ್ಲಿನ ಡಾಕ್ಟರಮ್ಮ ಹಳದಿ ಸ್ಪೋರ್ಟ್ಸ್ ಕಾರಿನಲ್ಲಿ ಶೆಡ್ಡಿಗೆ ಬಂದರು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕಾರು. ಇಳಿದವರೇ ಒಂದು ಕಾಗದ ಮುಂದೆ ಹಿಡಿದರು.

"ಮೇಸ್ತ್ರಿಗಳೇ, ಕ್ಲಚ್ಚೂ ಹೋಗಿದೆ, ಫ್ಲೈವೀಲೂ ಹೋಗಿದೆ, ಎರಡನ್ನೂ ಬದಲಾಯಿಸ್ಬೇಕು ಅಂತಿದಾರೆ. ಬಿಚ್ಚಿ ನೋಡೇ ಹೇಳಿದ್ರು. ಯೋಚ್ನೆ ಮಾಡ್ತೀನಿ ಅಂದೆ, ಪಾಪ, ಮತ್ತೆ ಕೂಡ್ಸಿ ಕೊಟ್ರು. ಸರಿಯಾಗೇ ಹೇಳಿದಾರೋ ಇಲ್ವೋ, ನಂಗೊಂದೂ ತಿಳೀತಿಲ್ಲ. ನಾನು ಹಲ್ಲು ಕೀಳ್ಬೇಕು ಅಂದ್ರೆ ನನ್ನ ಪೇಷಂಟುಗಳು ಇನ್ನೊಬ್ಬ ಡಾಕ್ಟ್ರನ್ನ ಕೇಳಿ ಬರ್ತಾರೆ. ನಾನೂ ಹಾಗೇ ಬಂದೆ ಅನ್ಕೊಳ್ಳಿ."

ಕಾಗದದ ತಲೆಯ ಮೇಲೆ ತಮ್ಮನ ಗ್ಯಾರೇಜಿನ ಗುರುತು, ಕೆಳಗೆ ತಮ್ಮನ ಸಹಿ. ಮೇಸ್ತ್ರಿಯ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಂಟು ವರ್ಷ ಕಾದದ್ದು ತಾನಾಗಿ ನಡೆದು ಬಂದು ಬಾಗಿಲಲ್ಲಿ ನಿಂತಿತ್ತು.

"ಗಾಜಿನಂಗಡಿಯವ್ರು ಹಾಗೇ ಡಾಕ್ಟ್ರೇ," ಅಂದ. "ಒಂದು ಬೋಲ್ಟು ಸಡಿಲ ಆದ್ರೆ ಕಾರೇ ಬದಲಾಯ್ಸಿ ಅಂತಾರೆ. ಕೂತ್ಕೊಳ್ಳಿ, ಒಂದು ಸುತ್ತು ಹೋಗಿ ಬರೋಣ."

ನೋಡಿ, ಕೀಲಿಕೈ ತಿರುಗಿಸುವ ಮೊದಲೇ ಅವನ ತೀರ್ಪು ಆಗಿಹೋಗಿತ್ತು. ಆದರೆ ಕಿವಿಗೆ ಅದು ಗೊತ್ತಿಲ್ಲವಲ್ಲ, ಅದು ತನ್ನ ಪಾಡಿಗೆ ಕೆಲಸ ಮಾಡಿತು. ಕಾರು ನಿಂತಲ್ಲೇ ಎಂಜಿನ್ನು ಶುರುವಾದಾಗ ಕೆಳಗಿನಿಂದ ಲಟಲಟ ಎಂಬ ಸದ್ದು ಬಂತು. ಕ್ಲಚ್ಚು ಒತ್ತಿದ, ಸದ್ದು ಅಡಗಿತು. ಬಿಟ್ಟ, ಮತ್ತೆ ಲಟಲಟ. ಫ್ಲೈವೀಲು ಅಂದಿತು ಕಿವಿ. ಬೇರಿಂಗೂ ಆಗಿರಬಹುದು ಅಂದಿತು ಹೊಟ್ಟೆ. ನೇರ ರಸ್ತೆಗೆ ಬಂದು ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದ. ಎಂಜಿನ್ನಿನ ವೇಗ ತೋರಿಸುವ ಮುಳ್ಳು ಮೇಲಕ್ಕೆ ಹಾರಿತು, ಕಾರು ಮಾತ್ರ ಇದ್ದ ವೇಗದಲ್ಲೇ ಹೋಗುತ್ತಿತ್ತು. ಕ್ಲಚ್ಚು ಜಾರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

"ಭಾನುವಾರ ಬೆಳಗ್ಗೆ ಒಬ್ಳೇ ಬೆಟ್ಟದ ರಸ್ತೆ ಹತ್ತಿ ಬರ್ತೀನಿ," ಎಂದರು ಡಾಕ್ಟರಮ್ಮ. "ವಾರವೆಲ್ಲ ಬೇರೆಯವರ ಬಾಯೊಳಗೇ ಇರ್ತೀನಲ್ಲ. ಅದೊಂದು ದಿನ ನಂದು. ಅಲ್ಲಿ ತಿರುವಿನಲ್ಲಿ ಕೈ ಕೊಟ್ರೆ ಏನ್ಮಾಡ್ಲಿ ಅಂತ ಭಯ, ಅಷ್ಟೇ."

"ನೀವು ನಿಶ್ಚಿಂತೆಯಾಗಿರಿ. ನಾನೂ ಬಿಚ್ಚಿ ನೋಡಿ ಹೇಳ್ತೀನಿ," ಅಂದ ಮೇಸ್ತ್ರಿ.

ಅವತ್ತು ಮಧ್ಯಾಹ್ನ ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ ಗೇರ್‌ಬಾಕ್ಸು ಇಳಿಸಿದ. ಇಳಿಸುವಾಗಲೇ ಅವನಿಗೆ ಸ್ವಲ್ಪ ಕಸಿವಿಸಿ. ಮೊದಲು ಬಿಚ್ಚಿದವರು ಯಾರೋ ಬಲು ಜೋಪಾನವಾಗಿ ಕೂಡಿಸಿದ್ದರು. ಒಂದು ಬೋಲ್ಟಿನ ತಲೆಯೂ ಸವೆದಿರಲಿಲ್ಲ, ವೈರುಗಳನ್ನು ಇದ್ದ ಜಾಗಕ್ಕೇ ಕಟ್ಟಿದ್ದರು. ತಪ್ಪು ಹುಡುಕುವವನಿಗೆ ಇಂಥದ್ದು ಸಿಕ್ಕರೆ ಎಷ್ಟು ಸಂಕಟ! ತಮ್ಮ ಎಲ್ಲಿಂದಲೋ ಒಳ್ಳೆಯ ಕೈ ಹಿಡಿದಿದ್ದಾನೆ ಎಂದುಕೊಂಡು ಹಲ್ಲು ಕಡಿದ.

ಕ್ಲಚ್ಚಿನ ತಟ್ಟೆ ಹೊರಗೆ ಬಂತು. ಮೈ ಸವೆದು ರಿವೆಟ್ಟುಗಳು ಕಾಣುತ್ತಿದ್ದವು. ಇದರಲ್ಲಿ ವಾದಕ್ಕೆ ಜಾಗವಿಲ್ಲ, ಕುರುಡನೂ ಬದಲಾಯಿಸಿ ಅನ್ನುತ್ತಾನೆ. ಉಳಿದದ್ದು ಫ್ಲೈವೀಲು. ಎಂಜಿನ್ನಿನ ಬೆನ್ನಿಗೆ ಕೂತ ಭಾರದ ಚಕ್ರ ಅದು. ಈ ಕಾರಿನದು ಒಂದೇ ತುಂಡಲ್ಲ, ಒಂದಕ್ಕೊಂದು ಒರಗಿದ ಎರಡು ಚಕ್ರ, ನಡುವೆ ಸ್ಪ್ರಿಂಗು. ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿದರೆ ಅದು ಸ್ವಲ್ಪ ಸರಿಯುತ್ತದೆ, ಆಮೇಲೆ ಸ್ಪ್ರಿಂಗು ತಡೆಯುತ್ತದೆ. ಹಳತಾದಷ್ಟೂ ಸಡಿಲ ಹೆಚ್ಚು. ಎಷ್ಟು ಸಡಿಲವಾಗಿದೆ ಎಂಬುದನ್ನು ಚಕ್ರದ ಅಂಚಿನ ಹಲ್ಲುಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಕಾರಿಗೆ ಏಳು ಹಲ್ಲಿನವರೆಗೆ ಪರವಾಗಿಲ್ಲ, ಅದರ ಮೇಲೆ ಹೋದರೆ ಬದಲಾಯಿಸಲೇಬೇಕು ಎಂದು ಕಂಪನಿಯ ಪುಸ್ತಕದಲ್ಲಿತ್ತು. ಹಾಳಾದ ಫ್ಲೈವೀಲಿಗೆ ಹೊಸ ಕ್ಲಚ್ಚು ಹಾಕಿದರೆ ಆ ಕ್ಲಚ್ಚೂ ಕೆಡುತ್ತದೆ, ಯಾವತ್ತೋ ಒಂದು ಏರಿನಲ್ಲಿ ಕಾರು ನಿಂತೂಬಿಡುತ್ತದೆ.

ಇದನ್ನು ಅಳೆಯಲು ದೊಡ್ಡ ಗ್ಯಾರೇಜುಗಳಲ್ಲಿ ಉಪಕರಣ ಇಟ್ಟಿರುತ್ತಾರೆ. ಮೇಸ್ತ್ರಿ ಕೈಯಲ್ಲೇ ಅಳೆಯುತ್ತಿದ್ದ. ಅದು ಅವನೇ ಕಂಡುಕೊಂಡ ದಾರಿ. ಕಣ್ಣು ಮುಚ್ಚಬೇಕು, ಎಡಗೈ ಹೆಬ್ಬೆರಳನ್ನು ಹಲ್ಲುಗಳ ಮೇಲಿಡಬೇಕು, ಬಲಗೈಯಲ್ಲಿ ತೋಳಿನ ಬಲ ಹಾಕದೆ ಬರೀ ಮಣಿಕಟ್ಟಿನಿಂದ ತಿರುಗಿಸಬೇಕು. ಸ್ಪ್ರಿಂಗು ಸಾಕು ಎಂದಲ್ಲಿ ನಿಲ್ಲಿಸಿ ಗೆರೆ ಎಳೆಯಬೇಕು. ಮೂರು ಸಲ ಮಾಡಬೇಕು, ಮೂರಕ್ಕೂ ಒಂದೇ ಲೆಕ್ಕ ಬರಬೇಕು. ಬಲ ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಯಾರಿಗೂ ಅವನು ಇದನ್ನು ಹೇಳಿಕೊಟ್ಟಿರಲಿಲ್ಲ.

ಬಟ್ಟೆಯಿಂದ ಚಕ್ರದ ಅಂಚು ಒರೆಸಲು ಹೋದವನು ಅಲ್ಲೇ ನಿಂತ. ಅಂಚಿನ ಮೇಲೆ ಬಿಳಿ ಪೆನ್ಸಿಲಿನ ಗೆರೆಗಳಿದ್ದವು. ಒಂದು ಕಡೆ ಒಂದು ಗೆರೆ, ಇನ್ನೊಂದು ಕಡೆ ಒತ್ತೊತ್ತಾಗಿ ಮೂರು ಗೆರೆ, ಪಕ್ಕದಲ್ಲಿ ಎಂಟು ಎಂಬ ಅಂಕಿ. ಒಂದೇ ಎಳೆಯಲ್ಲಿ ಬರೆದ ಎಂಟಲ್ಲ, ಸೊನ್ನೆಯ ಮೇಲೆ ಸೊನ್ನೆ ಕೂರಿಸಿದ ಎಂಟು. ಹಾಗೆ ಬರೆಯುವವಳು ಅವನಿಗೆ ಗೊತ್ತಿದ್ದವಳು ಒಬ್ಬಳೇ. ಐದು ವರ್ಷದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿದ್ದಿಸಿದರೂ ಬಿಡಿಸಲಾಗದ ಅಭ್ಯಾಸ ಅದು.

ಅಂದರೆ ಗೇರ್‌ಬಾಕ್ಸು ಇಳಿಸಿದ್ದು ತನ್ನ ಮಗಳು. ಕೂಡಿಸಿದ್ದೂ ಅವಳೇ. ಮೇಸ್ತ್ರಿಗೆ ಹೆಮ್ಮೆಯಾಗಬೇಕಿತ್ತು ಎಂದು ನೀವು ಅಂದುಕೊಂಡರೆ ಅವನನ್ನು ನೀವು ಅರಿತಿಲ್ಲ. ಅವನ ಮೈಗೆ ಬೆಂಕಿ ಬಿದ್ದಿತು. ಮೂರು ಗೆರೆಯ ಲೆಕ್ಕ ತನ್ನದು! ಒಟ್ಟಿಗೆ ಇದ್ದಾಗ ತಮ್ಮ ಕದ್ದು ನೋಡಿಕೊಂಡು ಹೋಗಿದ್ದಾನೆ, ಈಗ ಅದನ್ನೇ ತನ್ನ ಮಗಳಿಗೆ ಕಲಿಸಿ ದೊಡ್ಡ ಗುರುವಾಗಿದ್ದಾನೆ. ಗಿರಾಕಿಗಳನ್ನು ತಗೊಂಡ, ಮಗಳನ್ನು ತಗೊಂಡ, ಈಗ ಕೈಯನ್ನೂ ತಗೊಂಡ.

ಕಣ್ಣು ಮುಚ್ಚಿ ಹೆಬ್ಬೆರಳಿಟ್ಟು ತಿರುಗಿಸಿದ. ಎಂಟು. ಇನ್ನೊಮ್ಮೆ ತಿರುಗಿಸಿದ. ಎಂಟು. ಎದ್ದು ನೀರು ಕುಡಿದು ಬಂದ. ಮೂರನೆಯ ಸಲ ಕಣ್ಣು ಮುಚ್ಚಿದಾಗ ಕಣ್ಣೊಳಗೆ ತಮ್ಮನ ಮುಖ ಬಂತು, ಗಾಜಿನ ಹಿಂದೆ ನಿಂತು ನಗುವ ಮುಖ. ಮಣಿಕಟ್ಟು ಆರರಲ್ಲಿ ನಿಂತಿತು. ಸ್ಪ್ರಿಂಗು ತಡೆಯಿತು ಎಂದು ತನಗೆ ತಾನೇ ಹೇಳಿಕೊಂಡ. ಸ್ಪ್ರಿಂಗು ತಡೆದಿರಲಿಲ್ಲ. ಆಮೇಲೆ ಆರರಲ್ಲೇ ನಿಲ್ಲಿಸುವುದನ್ನು ಕೈ ಕಲಿತುಬಿಟ್ಟಿತು, ನಾಲ್ಕನೆಯ ಸಲವೂ ಆರು, ಐದನೆಯ ಸಲವೂ ಆರು. ಸೀಮೆಸುಣ್ಣದಲ್ಲಿ ಆರು ಎಂದು ದೊಡ್ಡದಾಗಿ ಬರೆದು ಡಾಕ್ಟರಮ್ಮನಿಗೆ ಫೋನು ಮಾಡಿದ.

"ಕ್ಲಚ್ ಹೋಗಿರೋದು ನಿಜ ಡಾಕ್ಟ್ರೇ. ಫ್ಲೈವೀಲು ಗಟ್ಟಿಯಾಗಿದೆ. ಆರು ಹಲ್ಲು. ಅಲ್ಲಿ ಲೆಕ್ಕ ತಪ್ಪಿದಾರೆ."

ಆ ಸಂಜೆ ಅವನು ಮನೆಗೆ ಬರುವಾಗ ಸಿಳ್ಳೆ ಹಾಕುತ್ತಿದ್ದ. ಮಗಳಿಗೆ ಕೇಡು ಬಯಸಲಿಲ್ಲ, ಯಾರಾದರೂ ಕೇಳಿದ್ದರೆ ಹಾಗೆಂದು ಅವನು ಆಣೆ ಮಾಡಿಯೂ ಹೇಳುತ್ತಿದ್ದ. ಚಿಕ್ಕಪ್ಪ ಕಲಿಸಿದ್ದು ಅರೆಬರೆ ಎಂದು ಅವಳಿಗೆ ಗೊತ್ತಾಗಲಿ, ಬಂದು ಅಪ್ಪನ ಮುಂದೆ ನಿಲ್ಲಲಿ, ಆಗ ತಾನು ದೊಡ್ಡ ಮನಸ್ಸು ಮಾಡಿ ಬಾ ಎನ್ನೋಣ. ಇಷ್ಟೇ ಅವನ ಲೆಕ್ಕ.

ಮರುದಿನ ಬೆಳಗ್ಗೆ ಬೂದು ಅಂಗಿ ಹಗ್ಗದ ಮೇಲೇ ಇತ್ತು. ಮಗಳು ಅಡುಗೆಮನೆಯಲ್ಲಿ ಲೋಟ ಹಿಡಿದು ಕೂತಿದ್ದಳು.

"ಏನ್ರೀ, ಇವಳು ರಾತ್ರಿಯಿಂದ ಮಾತೇ ಆಡ್ತಿಲ್ಲ. ನೀವು ನೋಡಿದ್ರೆ ಮದುಮಗನ ಹಾಗೆ ಕುಣೀತಿದೀರಿ," ಎಂದಳು ಹೆಂಡತಿ. "ಏನಾಯ್ತು?"

"ಹೊಸಿಲಿನೊಳಗೆ ಗ್ಯಾರೇಜ್ ಮಾತು ಬೇಡ ಅಂತ ನೀನೇ ತಾನೆ ಹೇಳಿದ್ದು," ಎಂದು ಮೇಸ್ತ್ರಿ ಚಪ್ಪಲಿ ಮೆಟ್ಟಿದ.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ಶೆಡ್ಡಿಗೆ ಬಂದರು, ಕ್ಲಚ್ಚು ಮಾತ್ರ ಹಾಕಿಬಿಡಿ ಎಂದು ಹೇಳಲು. ಮೇಸ್ತ್ರಿ ಆರು ಅಂದದ್ದನ್ನು ಹಿಂದಿನ ಸಂಜೆಯೇ ತಮ್ಮನ ಗ್ಯಾರೇಜಿಗೂ ಫೋನು ಮಾಡಿ ತಿಳಿಸಿದ್ದರು. ಅವರು ಮಾತು ಮುಗಿಸುವ ಮೊದಲೇ ಬಾಗಿಲಲ್ಲಿ ಮಗಳು ಕಾಣಿಸಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಆ ತಗಡಿನ ಕೆಳಗೆ ಕಾಲಿಟ್ಟಿದ್ದಳು. ಡಾಕ್ಟರಮ್ಮನಿಗೆ ನಮಸ್ಕಾರ ಹೇಳಿ, ನೇರ ಕಾರಿನ ಬಳಿ ಹೋಗಿ ಮಂಡಿಯೂರಿ ಫ್ಲೈವೀಲು ನೋಡಿದಳು. ತನ್ನ ಎಂಟು, ಅದರ ಮೇಲೆ ಅಪ್ಪನ ಆರು.

"ಆರು ಬಂತಾ ಅಪ್ಪ?"

"ಬಂತು."

"ಮೂರು ಸಲವೂ?"

"ಹೂಂ. ಮೂರು ಸಲವೂ."

ವಾದ ಮಾಡುತ್ತಾಳೆ ಎಂದು ಮೇಸ್ತ್ರಿ ಸೊಂಟ ಕಟ್ಟಿ ನಿಂತಿದ್ದ. ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದ. ಅವಳು ವಾದ ಮಾಡಲಿಲ್ಲ. ಬಟ್ಟೆಯ ತುಂಡು ತೆಗೆದು ಪೆಟ್ರೋಲಿನಲ್ಲಿ ಅದ್ದಿ ತನ್ನ ಗೆರೆಗಳನ್ನು ಒರೆಸತೊಡಗಿದಳು.

"ಹಾಗಾದ್ರೆ ನನ್ನ ಕೈಯೇ ತಪ್ಪು," ಅಂದಳು. "ಮೇಡಂ, ದಯವಿಟ್ಟು ಕ್ಷಮಿಸಿ. ಚಿಕ್ಕಪ್ಪ ಸಹಿ ಹಾಕಿದ್ದು ನನ್ನ ಮಾತಿನ ಮೇಲೆ. ಅಳತೆ ಮಾಡಿದ್ದು ನಾನು."

"ಅಯ್ಯೋ, ಇರ್ಲಿ ಬಿಡಮ್ಮ, ಅದಕ್ಯಾಕೆ ಕ್ಷಮೆ," ಎಂದರು ಡಾಕ್ಟರಮ್ಮ.

"ಇಲ್ಲ ಮೇಡಂ. ಚಿಕ್ಕಪ್ಪನ ಹತ್ರ ಈ ಕಾರಿಗೆ ಆಗೋ ಉಪಕರಣ ಇರ್ಲಿಲ್ಲ. ನಿಮ್ಮಪ್ಪನ ಹಾಗೆ ಕೈಯಲ್ಲಿ ಎಣಿಸ್ತೀಯಾ ಅಂದ್ರು. ಎಣಿಸ್ತೀನಿ ಅಂತ ಧೈರ್ಯವಾಗಿ ಹೇಳ್ಬಿಟ್ಟೆ."

ಮೇಸ್ತ್ರಿಗೆ ಮಾತು ತಡೆಯಲಾಗಲಿಲ್ಲ. "ಅವನೇ ಅಲ್ವಾ ನಿಂಗೆ ಇದನ್ನ ಕಲ್ಸಿದ್ದು?"

"ಯಾರು, ಚಿಕ್ಕಪ್ಪನಾ? ಅವ್ರಿಗೆಲ್ಲಿ ಬರತ್ತೆ ಅಪ್ಪ?" ಮಗಳು ತಲೆ ಎತ್ತದೆ ಒರೆಸುತ್ತಲೇ ಹೇಳಿದಳು. "ಆ ತೊಟ್ಟಿ ಮುಂದೆ ಕೂತು ನಾಲ್ಕು ವರ್ಷ ಇನ್ನೇನು ಮಾಡಿದೆ ನಾನು? ನಿನ್ನ ಕೈ ನೋಡ್ತಿದ್ದೆ. ಕಣ್ಣು ಮುಚ್ಕೋತೀಯ, ಉಸಿರು ಬಿಟ್ಟ ಮೇಲೆ ತಿರುಗಿಸ್ತೀಯ. ಬಂತು ಅನ್ಕೊಂಡಿದ್ದೆ. ಬಂದಿಲ್ಲ."

ಉಸಿರು ಬಿಟ್ಟ ಮೇಲೆ ತಿರುಗಿಸುತ್ತೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಹೌದಲ್ಲ, ಹಾಗೇ ಮಾಡುತ್ತೇನೆ ಎಂದು ಅವನ ಕೈ ನೆನಪು ಮಾಡಿಕೊಂಡಿತು.

"ಅವನೇನಂದ?" ಎಂದು ಮೆಲ್ಲಗೆ ಕೇಳಿದ.

"ಚಿಕ್ಕಪ್ಪನಾ? ಅಣ್ಣ ಆರು ಅಂದ್ರೆ ಆರೇ, ಎರಡನೇ ಮಾತಿಲ್ಲ ಅಂದ್ರು. ಗೇರ್‌ಬಾಕ್ಸ್ ಕೆಲಸ ಸದ್ಯಕ್ಕೆ ಬಿಡು, ಟೈರು ಕಳಚೋದು ನೋಡ್ಕೋ ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಎರಡು ಗೆರೆ ಹೋಗಿದ್ದವು. ಎಂಟರ ಮೇಲಿನ ಸೊನ್ನೆಯೂ ಅರ್ಧ ಅಳಿಸಿತ್ತು. ಎಂಟು ವರ್ಷದಿಂದ ತಮ್ಮನ ಬಾಯಿಂದ ಕೇಳಬೇಕೆಂದು ಹಂಬಲಿಸಿದ ಮಾತು ಅದು, ಅಣ್ಣ ಅಂದ್ರೆ ಮುಗೀತು ಎನ್ನುವ ಮಾತು. ಇವತ್ತು ಮಗಳ ಬಾಯಲ್ಲಿ ಕೇಳಿ ಬಂತು, ಕೇಳಿದವನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಒಂದು ಮಾತೂ ಆಡದೆ ನಿಂತಿದ್ದರೆ ಸಾಕಿತ್ತು. ಅವಳು ಒರೆಸಿ ಮುಗಿಸಿ ಹೋಗುತ್ತಿದ್ದಳು, ಟೈರು ಕಳಚುತ್ತ ಬೇಸತ್ತು ಒಂದು ದಿನ ತಿರುಗಿ ಬರುತ್ತಿದ್ದಳೋ ಏನೋ.

"ಒರೆಸ್ಬೇಡ," ಅಂದ.

ಅವಳಿಗೆ ಕೇಳಿಸಲಿಲ್ಲ. ಅವನು ಬಗ್ಗಿ ಅವಳ ಮಣಿಕಟ್ಟು ಹಿಡಿದುಕೊಂಡ.

"ಒರೆಸ್ಬೇಡ ಅಂದ್ನಲ್ಲ. ಎಂಟೇ ಅದು. ನಂಗೂ ಮೊದಲೆರಡು ಸಲ ಎಂಟೇ ಬಂತು. ಮೂರನೇ ಸಲ ನಾನು ಆರಕ್ಕೆ ನಿಲ್ಲಿಸ್ದೆ."

"ನಿಲ್ಲಿಸ್ದೆ ಅಂದ್ರೆ?"

"ನಿಲ್ಲಿಸ್ದೆ ಅಂದ್ರೆ ನಿಲ್ಲಿಸ್ದೆ. ಅದು ಇನ್ನೂ ಹೋಗ್ತಿತ್ತು. ಹೊಟ್ಟೆಕಿಚ್ಚು, ಇನ್ನೇನು? ನೀನು ಅಲ್ಲಿದೀಯಲ್ಲ, ಅದಕ್ಕೆ."

ಡಾಕ್ಟರಮ್ಮ ಬೆಟ್ಟದ ರಸ್ತೆಯನ್ನು ನೆನೆದುಕೊಂಡರೋ ಏನೋ, ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು. ಮಗಳು ಬಟ್ಟೆಯ ತುಂಡು ಕೆಳಗಿಟ್ಟು ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ.

"ನಾನು ಇಲ್ಲೇ ಇದ್ದಿದ್ರೆ ನೀನು ಎಷ್ಟು ಎಣಿಸ್ತಿದ್ದೆ ಅಪ್ಪ?"

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಂದು ಸಲ ಬಾಯಿ ಬಿಟ್ಟ ಮೇಲೆ ಮನುಷ್ಯನಿಗೆ ಅದೇ ರೂಢಿಯಾಗುತ್ತದೆ.

"ಎಂಟು ಎಣಿಸ್ತಿದ್ದೆ," ಅಂದ. "ಆದ್ರೆ ನಿನ್ನ ಕೈಗೆ ಕೊಡ್ತಾನೇ ಇರ್ಲಿಲ್ಲ. ನೀನು ತೊಟ್ಟಿ ಹತ್ರಾನೇ ಇರ್ತಿದ್ದೆ."

ಮಗಳು ತಲೆಯಾಡಿಸಿದಳು. ಅವಳಿಗೆ ಇದು ಹೊಸ ಸುದ್ದಿಯೇನಲ್ಲ. ಅವನ ಬಾಯಿಂದ ಬಂದದ್ದು ಮಾತ್ರ ಹೊಸದು.

ಮೇಸ್ತ್ರಿ ಕೈ ಒರೆಸಿಕೊಂಡು ಫೋನು ತೆಗೆದ. ತಮ್ಮನ ನಂಬರು ಎಂಟು ವರ್ಷದಿಂದ ಅದರಲ್ಲಿ ಸುಮ್ಮನೆ ಕೂತಿತ್ತು. ಅತ್ತ ಕಡೆಯಿಂದ "ಅಣ್ಣಾ?" ಎಂದು ಗಾಬರಿಯ ದನಿ ಬಂತು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡಿರಬೇಕು.

"ಏನಿಲ್ಲ ಕಣೋ, ಎಲ್ಲಾ ಚೆನ್ನಾಗಿದೀವಿ. ಕೇಳಿಲ್ಲಿ. ಆ ಹಳದಿ ಕಾರಿಂದು ಎಂಟು. ತಪ್ಪು ನಂದು, ಅವಳದಲ್ಲ." ಒಂದು ಕ್ಷಣ ಹಲ್ಲು ಕಚ್ಚಿದ. "ಫ್ಲೈವೀಲು, ಕ್ಲಚ್ಚು ಎರಡೂ ತರಿಸಿ ಕಳ್ಸು. ಇಲ್ಲೇ ಬಿಚ್ಚಿದೆ, ಇಲ್ಲೇ ಹಾಕ್ತಾಳೆ. ಆಮೇಲೆ ಅವಳಿಗೆ ಗೇರ್‌ಬಾಕ್ಸ್ ಕೆಲಸಾನೇ ಕೊಡೋ. ಟೈರು ಗೀರು ಅಂತ ಕೂರಿಸ್ಬೇಡ. ಆ ಕೈ ಅದಕ್ಕಲ್ಲ."

ತಮ್ಮ ಆ ಕಡೆಯಿಂದ ಏನಂದನೋ, ಮೇಸ್ತ್ರಿ ಪೂರ್ತಿ ಕೇಳಿಸಿಕೊಳ್ಳದೆ ಇಟ್ಟುಬಿಟ್ಟ. ಅವನಿಗೆ ಒಳಗೆ ಹಗುರವಾಯಿತು ಎಂದೇನೂ ಇಲ್ಲ. ಉರಿ ಇದ್ದ ಜಾಗದಲ್ಲೇ ಇತ್ತು. ಈಗ ತಮ್ಮ ಗಾಜಿನ ಹಿಂದೆ ನಿಂತು ನಿಜವಾಗಿಯೂ ನಗುತ್ತಿರುತ್ತಾನೆ ಎಂದುಕೊಂಡ.

ಹೊಸ ಭಾಗಗಳು ಗುರುವಾರ ಬಂದವು. ಮಗಳು ಬೂದು ಅಂಗಿ ತೊಟ್ಟು ಬಂದು ಕಾರಿನ ಕೆಳಗೆ ಸೇರಿದಳು. ಮೇಸ್ತ್ರಿ ಬೋಲ್ಟು ಬಿಗಿಯುವ ಪಾನಾಗಳನ್ನು ತೊಳೆದು, ಸಾಲಾಗಿ ಬಟ್ಟೆಯ ಮೇಲೆ ಹರಡಿ ಕೊಟ್ಟು, ಸ್ವಲ್ಪ ಹೊತ್ತು ಅವಳ ತಲೆಯ ಹತ್ತಿರವೇ ನಿಂತ. ಮೊದಲ ಬೋಲ್ಟನ್ನು ಅವಳು ಕೈಯಲ್ಲಿ ಹಿಡಿದದ್ದೇ ಅವನ ಬೆರಳುಗಳು ತಾವಾಗಿ ಮುಂದೆ ಹೋದವು. ಹಿಂದಕ್ಕೆ ಎಳೆದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತ.

ಡಾಕ್ಟರಮ್ಮ ಕಾರು ತೆಗೆದುಕೊಂಡು ಹೋಗಲು ಬಂದಾಗ ಒಳಗಿನಿಂದ ಬೋಲ್ಟು ಬಿಗಿಯುವ ಸದ್ದು ಕೇಳುತ್ತಿತ್ತು. ಒಂದಾದ ಮೇಲೆ ಒಂದು, ಎಲ್ಲವೂ ಒಂದೇ ಬಿಗಿ. ಮೇಸ್ತ್ರಿ ಮುಖ ಸಿಂಡರಿಸಿಕೊಂಡು ಎಣಿಸುತ್ತಿದ್ದ.

"ಯಾಕೆ ಮೇಸ್ತ್ರಿಗಳೇ, ಹೊರಗೆ ಕೂತ್ಬಿಟ್ರಿ? ಒಳಗೆ ಹೋಗಿ ನೋಡಲ್ವಾ?"

"ಹೋದ್ರೆ ಕೈ ಹಾಕ್ತೀನಿ ಡಾಕ್ಟ್ರೇ," ಎಂದು ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅಲ್ಲೇ ಕೂತಿದ್ದ.